ಶಾಲಾ ಸಿದ್ಧಿ ತುಂಬಿದ್ದಾಯಿತು, ಈಗ ಅದನ್ನು ಬಳಸೋದು ಹೇಗೆ?

ಶಾಲಾ ಸಿದ್ಧಿ ಅಂದರೆ ಶಾಲೆ ತನ್ನನ್ನು ತಾನೇ ಅಳೆದುಕೊಂಡು, ಒಂದೊಂದು ವಿಷಯಕ್ಕೂ 1ರಿಂದ 3ರವರೆಗೆ ಹಂತ ಹಾಕುವ ಫಾರಂ; 1 ಕೆಳಗಿನದು, 3 ಮೇಲಿನದು. ನಮ್ಮ ಕಡೆ ಈ ಸ್ವಯಂ ಮೌಲ್ಯಮಾಪನ ಹೇಗೆ ನಡೆಯುತ್ತದೆ ಅಂತ ಶಿಕ್ಷಕರಿಗೆ ಹೊಸದಾಗಿ ಹೇಳಬೇಕಿಲ್ಲ. ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬೀಳುತ್ತದೆ, ನಾಳೆ ಸಂಜೆಯೊಳಗೆ ಎಲ್ಲ ಶಾಲೆಯವರೂ ಎಂಟ್ರಿ ಮುಗಿಸಬೇಕು ಅಂತ. ಕಂಪ್ಯೂಟರ್ ಬಲ್ಲ ಒಬ್ಬ ಮೇಷ್ಟ್ರು ಹೋದ ವರ್ಷದ ಪ್ರಿಂಟ್ ಪಕ್ಕದಲ್ಲಿ ಇಟ್ಟುಕೊಂಡು ಕೂರುತ್ತಾರೆ. 1 ಹಾಕಿದರೆ ಮೇಲಿನವರು ಯಾಕೆ ಅಂತ ಕೇಳುತ್ತಾರೆ, ಎಲ್ಲದಕ್ಕೂ 3 ಹಾಕಿದರೆ ನೋಡೋಕೆ ಬಂದೇ ಬಿಡುತ್ತಾರೆ, ಹಾಗಾಗಿ 2. ಕೆಲಸ ಮುಗಿಯಿತು. ಪ್ರಿಂಟ್ ಫೈಲಿಗೆ ಹೋಯಿತು. ಫೈಲು ಬೀರುವಿಗೆ ಹೋಯಿತು.

ಈ ಬರಹ ಆ ಫೈಲನ್ನು ಬೀರುವಿನಿಂದ ಹೊರಗೆ ತೆಗೆಯಬೇಕು ಅನ್ನಿಸಿದವರಿಗೆ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಸರ್ಕಾರಿ ಶಾಲೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಶಿಕ್ಷಕರು ಕಡಿಮೆ, ಅತಿಥಿ ಶಿಕ್ಷಕರು ಜಾಸ್ತಿ, ಮಕ್ಕಳು ಹಂಗಾಮು ನೋಡಿಕೊಂಡು ಬರುವ ಶಾಲೆಗಳು. ಇಂಥ ಕಡೆ ದೊಡ್ಡ ಯೋಜನೆ ನಿಲ್ಲೋದಿಲ್ಲ. ಸಣ್ಣದು ನಿಲ್ಲುತ್ತದೆ.

ತುಂಗಭದ್ರಾ ಡ್ಯಾಮಿನ ಅಚ್ಚುಕಟ್ಟಿನ ರೈತರನ್ನು ನೋಡಿ. ನೀರಿನ ಮಟ್ಟ ಇವತ್ತು ಎಷ್ಟು ಅಡಿ, ಡ್ಯಾಮು ತುಂಬುವ 1633 ಅಡಿಗೆ ಎಷ್ಟು ಬಾಕಿ ಅಂತ ದಿನಾ ಕೇಳುತ್ತಾರೆ. ಸುಮ್ನೆ ಕೇಳೋದಲ್ಲ. ಎರಡನೇ ಬೆಳೆಗೆ ಭತ್ತ ಹಾಕಬೇಕಾ ಬೇಡವಾ ಅನ್ನೋದು ಆ ಅಂಕಿಯ ಮೇಲೆ ನಿಂತಿದೆ. ನಮ್ಮ ಶಾಲೆಯ ಅಂಕಿಯಿಂದ ನಾಳೆ ಮಾಡುವ ಒಂದು ಕೆಲಸವೂ ಬದಲಾಗದಿದ್ದರೆ ಅದನ್ನು ಬರೆದು ಏನು ಪ್ರಯೋಜನ?

ಮೊದಲು ಫಾರಂ ಅನ್ನು ಎರಡು ಪಾಲು ಮಾಡಿ

ಶಾಲಾ ಸಿದ್ಧಿ ಬಂದದ್ದು 2015ರಲ್ಲಿ. ಆಗ ನ್ಯೂಪಾ ಅಂತಿದ್ದ, ಈಗ ನೀಪಾ ಆಗಿರುವ ದೆಹಲಿಯ ಸಂಸ್ಥೆ ಅದನ್ನು ರೂಪಿಸಿತು. 7 ಕ್ಷೇತ್ರ, 46 ಮಾನದಂಡ, ಒಂದೊಂದಕ್ಕೂ 3 ಹಂತ. ಆ 46ರಲ್ಲಿ 12 ಶಾಲೆಯ ಸೌಲಭ್ಯಕ್ಕೆ ಸೇರಿದ್ದು: ಕೋಣೆ, ಶೌಚಾಲಯ, ಕುಡಿಯುವ ನೀರು, ಆಟದ ಮೈದಾನ, ಗ್ರಂಥಾಲಯ ಹೀಗೆ. ಕಲಿಸೋದು ಮತ್ತು ಮೌಲ್ಯಮಾಪನಕ್ಕೆ 9. ಮಕ್ಕಳು ಎಷ್ಟು ಕಲಿತರು ಅನ್ನೋದಕ್ಕೆ 5.

ಸ್ಟಾಫ್ ರೂಮಿನಲ್ಲಿ ಚರ್ಚೆ ಆಗೋದು ಮಾತ್ರ ಆ 12ರ ಬಗ್ಗೆಯೇ. ಕಾಂಪೌಂಡ್ ಇಲ್ಲ ಅಂತ ಬರೆಯೋದು ಸುಲಭ. ಅದು ನಮ್ಮ ತಪ್ಪಲ್ಲ ಅಲ್ವಾ. ಐದನೇ ತರಗತಿಯ ಮಕ್ಕಳಿಗೆ ಎರಡನೇ ತರಗತಿಯ ಪಾಠ ಓದೋಕೆ ಬರೋದಿಲ್ಲ ಅಂತ ಬರೆಯಬೇಕಾದಾಗ ಕೈ ತಡೆಯುತ್ತದೆ.

ಹಾಗಾಗಿ ಒಂದು ಹಾಳೆ ತೆಗೆದುಕೊಂಡು ಮಧ್ಯೆ ಗೆರೆ ಎಳೆಯಿರಿ. ಒಂದು ಕಡೆ ಬೇರೆಯವರ ಹಣ ಅಥವಾ ಸಹಿ ಇಲ್ಲದೆ ಆಗದ ಕೆಲಸಗಳು. ಇನ್ನೊಂದು ಕಡೆ ನಾಳೆ ಬೆಳಿಗ್ಗೆಯೇ ನಾವು ಶುರು ಮಾಡಬಹುದಾದವು. ಮೊದಲನೇ ಪಾಲಿಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಠರಾವು ಮಾಡಿಸಿ, ಗ್ರಾಮ ಪಂಚಾಯಿತಿಗೆ ಒಂದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಕೋಣೆ ಕಟ್ಟಿಸೋದಾದರೆ ಕೆಕೆಆರ್‌ಡಿಬಿ (ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ) ಅನುದಾನದ ಬಗ್ಗೆಯೂ ವಿಚಾರಿಸಿ. ಅಷ್ಟಾದ ಮೇಲೆ ಆ ಪಾಲನ್ನು ಮಡಚಿ ಇಟ್ಟುಬಿಡಿ. ಕೋಣೆ ಬರುವವರೆಗೂ ಓದಿಸೋದು ಕಾಯಬೇಕಿಲ್ಲ. ಇನ್ನು ಮುಂದೆ ಮಾತು ಎರಡನೇ ಪಾಲಿನದು ಮಾತ್ರ.

ಹಂತ ಹಾಕುವ ಮೊದಲು ನೋಟ್‌ಬುಕ್ ತೆಗೆಯಿರಿ

ನಮ್ಮ ಶಾಲೆ ಎಷ್ಟನೇ ಹಂತ ಅಂತ ಶಿಕ್ಷಕರನ್ನು ಕೇಳಿದರೆ ಅವರ ಅಭಿಪ್ರಾಯ ಸಿಗುತ್ತದೆ. ಮಕ್ಕಳ ನೋಟ್‌ಬುಕ್ ತೆರೆದರೆ ಬೇರೆಯೇ ಕಥೆ. ಎರಡೂ ಬೇಕು, ಆದರೆ ಎರಡು ಒಪ್ಪದಿದ್ದಾಗ ನೋಟ್‌ಬುಕ್‌ನ ಮಾತು ನಡೆಯಬೇಕು.

ಹೀಗೆ ಮಾಡಿ. ಒಂದು ತರಗತಿಯ ಹಾಜರಿ ಪುಸ್ತಕದಿಂದ 5, 10, 15, 20 ಹೀಗೆ ನಂಬರ್ ಹಿಡಿದು ಮಕ್ಕಳನ್ನು ಆರಿಸಿ. ನೀವೇ ಆರಿಸಿದರೆ ಕೈ ತಾನಾಗಿ ಜಾಣ ಮಕ್ಕಳ ಕಡೆ ಹೋಗುತ್ತದೆ. ಅವರ ಕನ್ನಡ ಮತ್ತು ಗಣಿತದ ನೋಟ್‌ಬುಕ್ ಹರಡಿಕೊಂಡು, ಬೇರೆ ತರಗತಿಯ ಶಿಕ್ಷಕರೊಬ್ಬರ ಜೊತೆ ಕೂತು ನೋಡಿ. ನೋಡಬೇಕಾದದ್ದು ಬಹಳ ಇಲ್ಲ. ಬೋರ್ಡಿನಿಂದ ಇಳಿಸಿಕೊಂಡದ್ದು ಎಷ್ಟು, ಮಗು ತಾನೇ ಬರೆದ ವಾಕ್ಯ ಎಷ್ಟು? ಕೆಂಪು ಪೆನ್ನಿನಲ್ಲಿ ಬರೀ ಸರಿ ಗುರುತು ಇದೆಯಾ, ಇಲ್ಲಾ ತಪ್ಪನ್ನು ತೋರಿಸಿದ್ದೀರಾ? ತೋರಿಸಿದ ತಪ್ಪು ಮುಂದಿನ ಪುಟದಲ್ಲಿ ಮತ್ತೆ ಬಂದಿದೆಯಾ? ಈ ಮೂರನೇ ಪ್ರಶ್ನೆಗೆ ಉತ್ತರ ಸಿಕ್ಕರೆ ಮೌಲ್ಯಮಾಪನದ ಕ್ಷೇತ್ರ ಅರ್ಧ ತುಂಬಿದ ಹಾಗೆ.

ಆಮೇಲೆ ಓದಿಸಿ. ಪಠ್ಯಪುಸ್ತಕ ಬೇಡ, ಅದು ಎಷ್ಟೋ ಮಕ್ಕಳಿಗೆ ಬಾಯಿಪಾಠ ಆಗಿರುತ್ತದೆ. ಪುಟದ ಚಿತ್ರ ನೋಡಿಕೊಂಡೇ ಗಡಗಡ ಹೇಳುತ್ತಾರೆ. ಮಗು ನೋಡಿರದ ಐದಾರು ಸಾಲು ನೀವೇ ಬರೆದು ಕೊಡಿ. ಒಬ್ಬೊಬ್ಬರನ್ನೇ ಕರೆಯಿರಿ, ಉಳಿದವರ ಎದುರಿಗೆ ಬೇಡ.

ಒಂದೇ ಒಂದು ವಿಷಯ ಆರಿಸಿ

ಹೆಚ್ಚಿನ ಶಾಲೆಗಳು ಸೋಲೋದು ಇಲ್ಲೇ. 46ರಲ್ಲಿ 20ಕ್ಕೆ ಕಡಿಮೆ ಹಂತ ಬಂತು ಅಂದರೆ 20ಕ್ಕೂ ಸುಧಾರಣಾ ಯೋಜನೆ ಬರೆಯುತ್ತಾರೆ. "ಗ್ರಂಥಾಲಯದ ಬಳಕೆ ಹೆಚ್ಚಿಸಲಾಗುವುದು", "ಪೋಷಕರ ಸಹಭಾಗಿತ್ವ ಬಲಪಡಿಸಲಾಗುವುದು". ಯಾರು ಹೆಚ್ಚಿಸುತ್ತಾರೆ, ಯಾವಾಗ? 'ಲಾಗುವುದು' ಅಂತ ಮುಗಿಯುವ ಸಾಲು ಯಾರ ಕೆಲಸವೂ ಆಗಿರೋದಿಲ್ಲ.

ಒಂದು ವರ್ಷಕ್ಕೆ ಒಂದು ವಿಷಯ ಸಾಕು. ದೊಡ್ಡ ಶಾಲೆ ಆದರೆ ಎರಡು. ಆರಿಸುವಾಗ ಇದೊಂದನ್ನು ಕೇಳಿಕೊಳ್ಳಿ: ಇದು ಸರಿಯಾದರೆ ಇನ್ನೇನೇನು ತಾನಾಗಿ ಸರಿಯಾಗುತ್ತದೆ? ಕಿರಿಯ ತರಗತಿಗಳಲ್ಲಿ ಉತ್ತರ ಹೆಚ್ಚಾಗಿ ಓದುವುದೇ ಆಗಿರುತ್ತದೆ. ಹಿರಿಯ ತರಗತಿಗಳಲ್ಲಿ ನಮ್ಮ ಕಡೆ ಹಾಜರಿ. ಹಾಗಾಗಿ ಈ ಎರಡನ್ನೇ ಹಿಡಿದು ಮುಂದಿನದನ್ನು ಹೇಳುತ್ತೇನೆ.

ಓದು: 'ಓದಲು ಬರುವುದಿಲ್ಲ' ಅಂತ ಬರೆದು ನಿಲ್ಲಬೇಡಿ

ನಾಲ್ಕನೇ ತರಗತಿಯಲ್ಲಿ 30 ಮಕ್ಕಳು, ಅದರಲ್ಲಿ 14 ಮಕ್ಕಳಿಗೆ ಓದೋಕೆ ಬರೋದಿಲ್ಲ ಅಂದುಕೊಳ್ಳಿ. ಸಾಮಾನ್ಯವಾಗಿ ಆ 14 ಮಕ್ಕಳನ್ನು ಒಂದೇ ಮೂಲೆಯಲ್ಲಿ ಕೂಡಿಸಿ 'ಪರಿಹಾರ ಬೋಧನೆ' ಅಂತ ಅಆಇಈ ಇಂದ ಶುರು ಮಾಡುತ್ತಾರೆ. ಅವರಲ್ಲಿ ಅರ್ಧ ಜನಕ್ಕೆ ಅಕ್ಷರ ಗೊತ್ತೇ ಇರುತ್ತದೆ. ಗೊತ್ತಿರೋದನ್ನೇ ಮತ್ತೆ ಕಲಿಸಿದರೆ ಬೇಜಾರಾಗುತ್ತಾರೆ, ಬೇಜಾರಾದರೆ ಗಲಾಟೆ ಮಾಡುತ್ತಾರೆ, ಆಮೇಲೆ ನಾವು 'ಕಲಿಕೆಯಲ್ಲಿ ಆಸಕ್ತಿ ಇಲ್ಲ' ಅಂತ ಬರೆಯುತ್ತೇವೆ.

ಓದಿಸುವಾಗ ಮಗು ಎಲ್ಲಿ ನಿಂತಿತು ಅಂತ ಗುರುತು ಹಾಕಿಕೊಳ್ಳಿ. ಕೆಲವರು ಮೂಲಾಕ್ಷರದಲ್ಲೇ ನಿಲ್ಲುತ್ತಾರೆ, ಬ ಮತ್ತು ಭ, ಮ ಮತ್ತು ವ ಒಂದಕ್ಕೊಂದು ಕಲೆತುಹೋಗುತ್ತವೆ. ಕೆಲವರಿಗೆ ಕಾಗುಣಿತದ ತೊಂದರೆ: ಕಿ ಮತ್ತು ಕೀ, ಕೊ ಮತ್ತು ಕೋ ಒಂದೇ ಥರ ಓದುತ್ತಾರೆ. ಕೆಲವರು ಒತ್ತಕ್ಷರ ಬರುವವರೆಗೆ ಸಲೀಸಾಗಿ ಬಂದು ಅಲ್ಲಿ ತಡವರಿಸುತ್ತಾರೆ. ಅದರಲ್ಲೂ ಅಕ್ಕ, ಅಪ್ಪ, ಅಮ್ಮ ಥರದ ಅದೇ ಅಕ್ಷರದ ಒತ್ತು ಬೇಗ ಬರುತ್ತದೆ, 'ಪ್ರಶ್ನೆ', 'ರಾಷ್ಟ್ರ' ಬಂದಾಗ ಗಾಡಿ ನಿಲ್ಲುತ್ತದೆ. ಅರ್ಕಾವೊತ್ತು ಇನ್ನೂ ಕಷ್ಟ, ಯಾಕಂದರೆ ಅದನ್ನು ಬರೆಯೋದು ಆಮೇಲೆ, ಓದೋದು ಮೊದಲು. 'ಸೂರ್ಯ'ವನ್ನು ಕಣ್ಣಿಗೆ ಕಂಡ ಕ್ರಮದಲ್ಲಿ ಓದಿದ ಮಗು 'ಸೂಯರ್' ಅನ್ನುತ್ತದೆ. ಅದು ದಡ್ಡತನ ಅಲ್ಲ, ಎಡದಿಂದ ಬಲಕ್ಕೆ ಓದು ಅಂತ ನಾವೇ ಹೇಳಿಕೊಟ್ಟಿದ್ದೇವೆ. ಇನ್ನು ಕೊನೆಯ ಗುಂಪು: ತಡೆಯಿಲ್ಲದೆ ಓದುತ್ತಾರೆ, ಏನು ಓದಿದೆ ಅಂತ ಕೇಳಿದರೆ ಮುಖ ನೋಡುತ್ತಾರೆ.

ಸಿಂಧನೂರು, ಸಿರುಗುಪ್ಪ ಕಡೆಯ ಕ್ಯಾಂಪುಗಳಲ್ಲಿ, ಅಂದರೆ ಆಂಧ್ರದಿಂದ ಬಂದ ರೈತರು ನೆಲೆಸಿದ ಊರುಗಳಲ್ಲಿ, ಮನೆಯ ಮಾತು ತೆಲುಗು. ತಾಂಡಾಗಳಲ್ಲಿ ಲಂಬಾಣಿ. ಅಲ್ಲಿ ಈ ಕೊನೆಯ ಗುಂಪು ದೊಡ್ಡದಿರುತ್ತದೆ. ಈ ಮಕ್ಕಳಿಗೆ ಅಕ್ಷರದ ಅಭ್ಯಾಸ ಜಾಸ್ತಿ ಮಾಡಿಸಿ ಉಪಯೋಗ ಇಲ್ಲ, ಅವರ ಜೊತೆ ಮಾತಾಡಬೇಕು. ಪಾಠದ ಚಿತ್ರ ತೋರಿಸಿ ಅವರ ಭಾಷೆಯಲ್ಲೇ ಹೇಳಿಸಿ, ಅದನ್ನು ಕನ್ನಡದಲ್ಲಿ ಬೋರ್ಡಿನ ಮೇಲೆ ಬರೆದು, ಅದನ್ನೇ ಓದಿಸಿ. ಕನ್ನಡ ಮನೆಯ ಮಕ್ಕಳ ಬಗ್ಗೆಯೂ ಒಂದು ಮಾತು. 'ಆಟ ಆಡಾಕತ್ತಾರ' ಅಂತ ಬರೆದ ಮಗುವಿಗೆ ವಾಕ್ಯ ಮಾಡೋಕೆ ಬರುತ್ತದೆ. ಪುಸ್ತಕದ ರೂಪ ಪಕ್ಕದಲ್ಲಿ ಬರೆದು ತೋರಿಸಿ, ಆದರೆ ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದರೆ ಆ ಮಗು ಸ್ವಂತ ವಾಕ್ಯ ಬರೆಯೋದನ್ನೇ ಬಿಡುತ್ತದೆ.

ಈಗ ಆ 14 ಮಕ್ಕಳು ನಾಲ್ಕು ಗುಂಪಾದರು. ದಿನಕ್ಕೆ 20 ನಿಮಿಷ, ಗುಂಪಿಗೆ ತಕ್ಕ ಕೆಲಸ. ಒಬ್ಬರೇ ಶಿಕ್ಷಕರಿದ್ದರೆ ನಾಲ್ಕೂ ಗುಂಪು ಒಟ್ಟಿಗೆ ಆಗೋದಿಲ್ಲ, ದಿನ ಬಿಟ್ಟು ದಿನ ಎರಡೆರಡು ಗುಂಪು ತೆಗೆದುಕೊಳ್ಳಿ. ನಲಿ-ಕಲಿ ಮಾಡಿದವರಿಗೆ ಇದು ಹೊಸದೇನಲ್ಲ. ಒಂದರಿಂದ ಮೂರನೇ ತರಗತಿಯವರೆಗೆ ಗುಂಪಿನಲ್ಲಿ ಕಲಿತ ಮಗುವನ್ನು ನಾಲ್ಕನೇ ತರಗತಿಯಲ್ಲಿ ಏಕ್‌ದಂ ಸಾಲಿನಲ್ಲಿ ಕೂರಿಸಿಬಿಡುತ್ತೇವೆ, ಅಷ್ಟೇ.

ಹಾಜರಿ: ವರ್ಷದ ಶೇಕಡಾ ನೋಡಬೇಡಿ

ವರ್ಷದ ಸರಾಸರಿ ಹಾಜರಿ ಅನ್ನೋದು ಎಲ್ಲವನ್ನೂ ಮುಚ್ಚಿಹಾಕುವ ಅಂಕಿ. ತಿಂಗಳು ತಿಂಗಳಾಗಿ ಬಿಡಿಸಿ ನೋಡಿ. ಮಳೆ ಆಶ್ರಯದ ಹೊಲಗಳ ಊರಾದರೆ ದಸರಾ ರಜೆ ಮುಗಿದ ಮೇಲೆ ಇಳಿಯೋದು ಕಾಣಿಸುತ್ತದೆ, ಹತ್ತಿ ಬಿಡಿಸುವ ಕಾಲ ಅದು. ಮೆಣಸಿನಕಾಯಿ ಇರುವ ಕಡೆ ಜನವರಿಯಿಂದ ಮತ್ತೊಂದು ಇಳಿತ. ದೇವದುರ್ಗ, ಲಿಂಗಸುಗೂರು ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗುವ ಮನೆಗಳ ಮಕ್ಕಳ ಹೆಸರಿನ ಮುಂದೆ ಒಂದು ದಿನದಿಂದ ಸಾಲಾಗಿ ಗೈರು. ಹುಡುಗ ಹುಡುಗಿ ಅಂತಲೂ ಬೇರೆ ಮಾಡಿ ನೋಡಿ.

ಆಮೇಲೆ ಹೆಸರು ಬರೆದು ಪಕ್ಕದಲ್ಲಿ ಕಾರಣ ಬರೆಯಿರಿ. ಊಹೆ ಮಾಡಬೇಡಿ, ಮನೆಗೆ ಹೋಗಿ ಕೇಳಿ, ಇಲ್ಲಾ ಬಿಸಿಯೂಟದ ಅಡುಗೆಯವರನ್ನು ಕೇಳಿ. ಊರಿನ ಸುದ್ದಿ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಸಾಮಾನ್ಯವಾಗಿ ಕಾರಣಗಳು ಮೂರು ನಾಲ್ಕೇ ಇರುತ್ತವೆ, ಆದರೆ ಒಂದಕ್ಕೆ ಮಾಡುವ ಮದ್ದು ಇನ್ನೊಂದಕ್ಕೆ ಆಗಿಬರೋದಿಲ್ಲ. ಇಡೀ ಮನೆಯೇ ಗುಳೆ ಹೋದರೆ ಅಜ್ಜ ಅಜ್ಜಿಯ ಹತ್ತಿರ ಮಗುವನ್ನು ಬಿಡಿಸಬಹುದಾ, ಹತ್ತಿರದಲ್ಲಿ ಹಾಸ್ಟೆಲ್ ಅಥವಾ ಹಂಗಾಮಿನ ವಸತಿ ವ್ಯವಸ್ಥೆ ಇದೆಯಾ ಅಂತ ನೋಡಬೇಕು. ಅದನ್ನು ಅವರು ಬಸ್ಸು ಹತ್ತಿದ ಮೇಲೆ ಕೇಳಿ ಪ್ರಯೋಜನ ಇಲ್ಲ, ದೀಪಾವಳಿಗೆ ಮೊದಲೇ ಪಟ್ಟಿ ಕೈಯಲ್ಲಿರಬೇಕು. ತಮ್ಮ ತಂಗಿಯರನ್ನು ನೋಡಿಕೊಳ್ಳೋಕೆ ಅಕ್ಕ ಮನೆಯಲ್ಲಿ ಉಳಿದರೆ ಮಾತಾಡಬೇಕಾದ್ದು ಅಂಗನವಾಡಿಯಲ್ಲಿ. ಅಂಗನವಾಡಿ ಶಾಲೆಗಿಂತ ಮೊದಲೇ ಮುಚ್ಚಿದರೆ ಆ ಹುಡುಗಿ ಮಧ್ಯಾಹ್ನವೇ ಎದ್ದು ಹೋಗುತ್ತಾಳೆ. ಇನ್ನು ಹೊಲವೂ ಇಲ್ಲ, ಗುಳೆಯೂ ಇಲ್ಲ, ಸುಮ್ನೆ ಬರೋದಿಲ್ಲ ಅನ್ನುವ ಮಗು ಇದ್ದರೆ ಅದು ಬಹುತೇಕ ಮೇಲೆ ಹೇಳಿದ ಓದಿನ ಗುಂಪುಗಳಲ್ಲಿ ಒಂದರಲ್ಲಿ ಇರುತ್ತದೆ. ತರಗತಿಯಲ್ಲಿ ದಿನಾ ಅವಮಾನ ಆಗೋ ಜಾಗಕ್ಕೆ ಯಾರು ಬರುತ್ತಾರೆ ಹೇಳಿ.

ಒಂದೇ ಪುಟದ ಯೋಜನೆ

ಆರಿಸಿದ ವಿಷಯಕ್ಕೆ ಒಂದು ಪುಟ ಬರೆಯಿರಿ, ಒಂದೇ ಪುಟ. ಅದರಲ್ಲಿ ಇರಬೇಕಾದ್ದು: ಈಗ ಹೇಗಿದೆ (ಮಕ್ಕಳ ಹೆಸರಿನ ಸಮೇತ), ಏನು ಮಾಡುತ್ತೇವೆ, ಯಾರು ಮಾಡುತ್ತಾರೆ, ಯಾವ ತಾರೀಖಿಗೆ ಮತ್ತೆ ನೋಡುತ್ತೇವೆ, ಸರಿಯಾಯಿತು ಅಂತ ಹೇಗೆ ಗೊತ್ತಾಗುತ್ತದೆ. 'ಓದುವ ಸಾಮರ್ಥ್ಯ ಹೆಚ್ಚಿಸುವುದು' ಅಂತ ಬರೆದರೆ ಅಳೆಯೋಕೆ ಆಗೋದಿಲ್ಲ. 'ಒತ್ತಕ್ಷರದ ಗುಂಪಿನ 5 ಮಕ್ಕಳು ಸಂಕ್ರಾಂತಿಯೊಳಗೆ ಹೊಸ ಪ್ಯಾರಾ ಒಂದನ್ನು ನಿಲ್ಲದೆ ಓದಿ, ಅದರ ಬಗ್ಗೆ ಎರಡು ಪ್ರಶ್ನೆಗೆ ಉತ್ತರ ಹೇಳಬೇಕು' ಅಂತ ಬರೆದರೆ ಆಗುತ್ತದೆ.

ಕೆಲಸ ಹಂಚುವಾಗ 'ಎಲ್ಲ ಶಿಕ್ಷಕರು' ಅಂತ ಬರೆಯಬೇಡಿ. ಒಬ್ಬರ ಹೆಸರಿರಲಿ. ಅತಿಥಿ ಶಿಕ್ಷಕರ ಹೆಸರು ಹಾಕೋದಾದರೆ ಜೊತೆಗೆ ಕಾಯಂ ಶಿಕ್ಷಕರೊಬ್ಬರ ಹೆಸರೂ ಹಾಕಿ, ಯಾಕಂದರೆ ಮುಂದಿನ ಜೂನ್‌ನಲ್ಲಿ ಅತಿಥಿ ಶಿಕ್ಷಕರು ಅದೇ ಶಾಲೆಗೆ ಬರುತ್ತಾರೆ ಅನ್ನೋ ಖಾತ್ರಿ ಇಲ್ಲ.

ಮತ್ತೆ ನೋಡುವ ತಾರೀಖು ಹತ್ತಿರದಲ್ಲಿ ಇರಲಿ, ಆರು ವಾರ ಸಾಕು. ಆ ದಿನ ಅದೇ ಮಕ್ಕಳು, ಅದೇ ಥರದ ಹೊಸ ಪ್ಯಾರಾ. ಏನೂ ಬದಲಾಗಿಲ್ಲ ಅಂದರೆ ವಿಧಾನ ಬದಲಾಯಿಸಿ, ವಿಷಯ ಬದಲಾಯಿಸಬೇಡಿ. ಕೆಲವು ಸಲ ವಿಧಾನ ಚೆನ್ನಾಗಿಯೇ ಇರುತ್ತದೆ, ಆದರೆ ಆ 20 ನಿಮಿಷ ಸಿಕ್ಕಿರೋದೇ ಇಲ್ಲ: ಒಂದು ದಿನ ತರಬೇತಿ, ಒಂದು ದಿನ ಜಯಂತಿ, ಒಂದು ದಿನ ಯಾವುದೋ ಆ್ಯಪಿಗೆ ಫೋಟೋ ಹಾಕೋದು. ಅದನ್ನೂ ಆ ಪುಟದಲ್ಲೇ ಬರೆದಿಡಿ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ತೋರಿಸೋಕೆ ಅದಕ್ಕಿಂತ ಒಳ್ಳೆ ದಾಖಲೆ ಇಲ್ಲ.

ನಿಮ್ಮ ತರಗತಿಯನ್ನು ನೀವೇ ಕೇಳಿ

ಇದು ಮುಜುಗರದ ಕೆಲಸ, ಆದರೆ ದುಡ್ಡು ಬೇಡ, ಯಾರ ಅನುಮತಿಯೂ ಬೇಡ. ಫೋನನ್ನು ಮೇಜಿನ ಮೇಲಿಟ್ಟು 15 ನಿಮಿಷ ಆಡಿಯೋ ರೆಕಾರ್ಡ್ ಮಾಡಿ. ಮನೆಗೆ ಹೋಗಿ ಒಬ್ಬರೇ ಕೇಳಿ. ಮಕ್ಕಳ ಒಂಟಿ ದನಿ ಎಷ್ಟು ಸಲ ಕೇಳಿಸಿತು ಅಂತ ಗೆರೆ ಹಾಕಿಕೊಳ್ಳಿ. "ಅರ್ಥ ಆಯ್ತಾ?" ಅಂತ ಕೇಳಿ "ಆಯ್ತು ಸಾ...ರ್" ಅಂತ ಒಟ್ಟಿಗೆ ಕೂಗಿಸಿದ್ದು ಲೆಕ್ಕಕ್ಕೆ ಬೇಡ. ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾದಿರಿ? ನಾವು ಕಾಯೋದೇ ಇಲ್ಲ, ಉತ್ತರ ನಾವೇ ಹೇಳಿಬಿಡುತ್ತೇವೆ. ಮುಂದಿನ ವಾರಕ್ಕೆ ಒಂದೇ ಬದಲಾವಣೆ ಇಟ್ಟುಕೊಳ್ಳಿ, ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಐದರವರೆಗೆ ಎಣಿಸೋದು. ಆಮೇಲೆ ಮತ್ತೆ ರೆಕಾರ್ಡ್ ಮಾಡಿ ಹೋಲಿಸಿ. ಕೇಳಿದ ಮೇಲೆ ಅಳಿಸಿಬಿಡಿ, ಮಕ್ಕಳ ದನಿ ಗ್ರೂಪುಗಳಲ್ಲಿ ಓಡಾಡಬಾರದು.

ಮಕ್ಕಳಿಂದಲೂ ಕೇಳಬಹುದು. ಪಾಠ ಮುಗಿದಾಗ ಚೀಟಿಯಲ್ಲಿ 'ನನಗೆ ತಿಳಿಯದೆ ಉಳಿದದ್ದು' ಅಂತ ಒಂದು ಸಾಲು ಬರೆಸಿ, ಹೆಸರು ಬೇಡ. ಮೊದಮೊದಲು ಎಲ್ಲರೂ 'ಎಲ್ಲಾ ತಿಳಿದಿದೆ' ಅಂತಲೇ ಬರೆಯುತ್ತಾರೆ. ತಿಳಿಯಲಿಲ್ಲ ಅಂತ ಬರೆದವರ ಚೀಟಿ ಹಿಡಿದು ಮರುದಿನ ಅದನ್ನೇ ಮತ್ತೆ ಕಲಿಸಿದಿರಿ ಅಂತ ಕಂಡ ಮೇಲೆ ನಿಜ ಬರೆಯುತ್ತಾರೆ.

ಎಸ್‌ಡಿಎಂಸಿ ಮುಂದೆ ಇಡುವ ಬಗೆ

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧ ಮಹಿಳೆಯರಿರಬೇಕು. ಶಾಲಾ ಅಭಿವೃದ್ಧಿ ಯೋಜನೆ ಮಾಡೋದು ಆ ಸಮಿತಿಯದೇ ಕೆಲಸ. ನಡೆಯೋದು ಏನು ಅಂದರೆ, ಮುಖ್ಯ ಶಿಕ್ಷಕರು ಬರೆದ ಯೋಜನೆಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಕೂಲಿ ಬಿಟ್ಟು ಬಂದ ತಾಯಿಗೆ 7 ಕ್ಷೇತ್ರ 46 ಮಾನದಂಡದ ಪಟ್ಟಿ ಓದಿ ಹೇಳಿದರೆ ಅವಳು ಮುಂದಿನ ಸಲ ಬರೋದಿಲ್ಲ. ಸಭೆಯನ್ನು ಸಂಜೆ ಇಟ್ಟು, ಬರೀ ಆ ಒಂದು ಪುಟ ಓದಿ ಹೇಳಿ. ಮಕ್ಕಳ ಹೆಸರು ಮಾತ್ರ ಸಭೆಯಲ್ಲಿ ಹೇಳಬೇಡಿ, ಅದು ಆಯಾ ಮನೆಯವರ ಹತ್ತಿರ ಬೇರೆಯಾಗಿ ಆಡುವ ಮಾತು. ಬೇಕಾದರೆ ಒಂದು ಮಗುವನ್ನು ಕರೆದು ಹೊಸದಾಗಿ ಕಲಿತ ಪ್ಯಾರಾ ಓದಿಸಿ. ಆಮೇಲೆ ಕೈಲಾಗುವ ಒಂದೇ ಸಹಾಯ ಕೇಳಿ. ಹತ್ತಿ ಬಿಡಿಸೋಕೆ ಮಕ್ಕಳನ್ನು ಕರೆಯಬೇಡಿ ಅಂತ ಹೊಲದ ಮಾಲೀಕರಿಗೆ ಹೇಳೋದು ನಮ್ಮಿಂದ ಆಗದಿದ್ದರೂ ಅಧ್ಯಕ್ಷರಿಂದ ಆಗುತ್ತದೆ.

ಮುಂದಿನ ವರ್ಷ ಹಂತ ಇಳಿದರೆ

ಇದನ್ನು ಕೆಲವರು ಕೇಳುತ್ತಾರೆ. ಹೋದ ವರ್ಷ 3 ಇತ್ತು, ನಿಜ ನೋಡಿದ ಮೇಲೆ 1 ಅನ್ನಿಸುತ್ತಿದೆ, ಹಾಕಿದರೆ ನೋಟಿಸ್ ಬರುತ್ತದಾ? ಶಾಲಾ ಸಿದ್ಧಿಯಲ್ಲಿ ಶಾಲೆಯೇ ಮಾಡಿಕೊಳ್ಳುವ ಮೌಲ್ಯಮಾಪನದ ಜೊತೆ ಹೊರಗಿನವರು ಬಂದು ಮಾಡುವುದೂ ಇದೆ. ಹೊರಗಿನವರು ಬಂದು ಇಳಿಸೋದಕ್ಕಿಂತ ನೀವೇ ಇಳಿಸಿ, ಪಕ್ಕದಲ್ಲಿ ಯಾಕೆ ಅಂತ ಎರಡು ಸಾಲು ಬರೆದು, ಆ ಒಂದು ಪುಟ ಲಗತ್ತಿಸೋದು ವಾಸಿ. ಅಧಿಕಾರಿಗಳಿಗೂ ಒಂದು ಮಾತು: 1 ಹಾಕಿದ ಶಾಲೆಗೆ ಸಭೆಯಲ್ಲಿ ಎದ್ದು ನಿಲ್ಲಿ ಅಂದರೆ, ಮುಂದಿನ ವರ್ಷ ಇಡೀ ಕ್ಲಸ್ಟರ್‌ನಲ್ಲಿ 1 ಅನ್ನೋದೇ ಇರೋದಿಲ್ಲ.

ಇನ್ನು ವರ್ಗಾವಣೆ. ಮುಖ್ಯ ಶಿಕ್ಷಕರು ಹೋದರೆ ಕೆಲಸವೂ ಅವರ ಜೊತೆಗೇ ಹೋಗುತ್ತದೆ. ಅದಕ್ಕೆ ಆ ಪುಟದ ಒಂದು ಪ್ರತಿ ಚಾರ್ಜ್ ಕೊಡುವ ದಾಖಲೆಗಳ ಜೊತೆ ಇರಲಿ, ಒಂದು ಎಸ್‌ಡಿಎಂಸಿ ನಡಾವಳಿ ಪುಸ್ತಕದಲ್ಲಿ ಅಂಟಿಸಿರಲಿ. ಏಪ್ರಿಲ್‌ನಲ್ಲಿ ಶಾಲೆ ಮುಚ್ಚುವ ಮೊದಲು, ಯಾವ ಮಗು ಯಾವ ಗುಂಪಿನಲ್ಲಿ ಉಳಿದಿದೆ ಅಂತ ಮುಂದಿನ ತರಗತಿಯ ಶಿಕ್ಷಕರಿಗೆ ಬರೆದು ಕೊಡಿ. ಏಳನೇ ತರಗತಿ ಮುಗಿಸಿ ಬೇರೆ ಊರಿನ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಟಿಸಿ ಜೊತೆ ಅಲ್ಲಿಯ ಕನ್ನಡ ಮೇಷ್ಟ್ರಿಗೆ ಒಂದು ಚೀಟಿ, ಇಲ್ಲಾ ಒಂದು ಫೋನ್.